ಒಂದು ದಿನದ ಕಾರ್ಯಾಗಾರ ಮಾಡಿಸಿದ್ರೆ ಊರವ್ರು ಸುಳ್ಳು ಸುದ್ದಿ ನಂಬೋದು ನಿಲ್ಲುತ್ತಾ?

ನಿಲ್ಲಲ್ಲ ಕಣ್ರೀ. ನಾನು ಬೇಲೂರು ಕಡೆ ಹೈಸ್ಕೂಲ್ ಮೇಷ್ಟ್ರು, ಪಂಚಾಯ್ತಿ ಹಾಲ್‌ನಲ್ಲಿ ಮಾಡಿಸಿ ಕೈ ಸುಟ್ಕೊಂಡಿದೀನಿ. ಪ್ರೊಜೆಕ್ಟರ್ ತರಿಸಿದ್ವಿ, ಬಂದೋರಿಗೆ ಉಪ್ಪಿಟ್ಟು ಕೇಸರಿಬಾತು, ಎಲ್ರೂ ಚೆನ್ನಾಗಿ ತಲೆ ಆಡಿಸಿದ್ರು, ಸಂಜೆ ನಾನು ಮನೆ ಸೇರೋಷ್ಟರಲ್ಲಿ ಮುಂದಿನ ಸಾಲಲ್ಲೇ ಕೂತಿದ್ದ ಅಣ್ಣೋರೊಬ್ರು ನಿಂಬೆರಸಕ್ಕೆ ಕ್ಯಾನ್ಸರ್ ವಾಸಿ ಆಗುತ್ತೆ ಅಂತ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದ್ರು.

ಇದು ನಮ್ಮೂರ ಕಥೆ ಮಾತ್ರ ಅಲ್ಲ. 2019ರ ಎಲೆಕ್ಷನ್ ಟೈಮಲ್ಲಿ ಸುಮಿತ್ರಾ ಬದರಿನಾಥನ್ ಅನ್ನೋ ಸಂಶೋಧಕಿ ಬಿಹಾರದಲ್ಲಿ ಮನೆಮನೆಗೇ ಹೋಗಿ ಒಂದೊಂದು ಗಂಟೆ ಪಾಠ ಮಾಡಿಸಿ ನೋಡಿದ್ರು, ಒಟ್ಟಾರೆ ಲೆಕ್ಕದಲ್ಲಿ ಏನೂ ಬದಲಾಗಿರ್ಲಿಲ್ಲ. ಆಮೇಲೆ ಇನ್ನೊಂದಷ್ಟು ಜನರ ಜೊತೆ ಸೇರಿ ಅದೇ ಬಿಹಾರದಲ್ಲಿ ಹಳ್ಳಿ ಮಕ್ಕಳಿಗೆ ತಿಂಗಳುಗಟ್ಟಲೆ ಕ್ಲಾಸ್ ಮಾಡಿಸಿದ್ರು, 13 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನ ಅದು, ಅಲ್ಲಿ ಫಲ ಸಿಕ್ತು, ಕ್ಲಾಸಿಗೇ ಬರದ ಅಪ್ಪ ಅಮ್ಮಂದ್ರಿಗೂ ಸ್ವಲ್ಪ ತಗುಲ್ತು.

ಅದಕ್ಕೇ ಈಗ ನಮ್ ಸ್ಕೂಲಲ್ಲಿ ಶನಿವಾರ ಅರ್ಧ ಗಂಟೆ, ಅಷ್ಟೇ. ಮನೆಯವರ ಮೊಬೈಲಿಗೆ ಬಂದ ಒಂದು ಫಾರ್ವರ್ಡ್ ಮಕ್ಕಳೇ ಹೇಳ್ಬೇಕು, ನಾನು ಭಾಷಣ ಮಾಡೋ ಹಾಗಿಲ್ಲ. ಒಂದ್ಸಲ ಆನೆ ವಿಡಿಯೋ ಬಂತು, 'ಇವತ್ತು ಬೆಳಗ್ಗೆ ಬಿಕ್ಕೋಡು ಹತ್ರ' ಅಂತ, ಅದು ನಮ್ಮ ಪಕ್ಕದೂರು. ನಮ್ ಕಡೆ ಆನೆ ಅಂದ್ರೆ ತಮಾಷೆ ಅಲ್ಲ, ಸುದ್ದಿ ಹಬ್ಬಿದ್ರೆ ಕಾಫಿ ತೋಟಕ್ಕೆ ಆಳು ಹೋಗಲ್ಲ, ಅವತ್ತಿನ ಕೂಲಿ ಹೋಯ್ತು, ಇನ್ನು ಸುಳ್ಳು ಜಾಸ್ತಿ ಆದ್ರೆ ನಿಜವಾಗ್ಲೂ ಬಂದ ದಿನ ಯಾರೂ ನಂಬಲ್ಲ. ನಾನು ಚಿತ್ರ ಎಲ್ಲಿಂದ ಬಂದಿದ್ದು ಅಂತ ಹುಡುಕೋ ಗೂಗಲ್ ಲೆನ್ಸ್ ತೋರಿಸೋಣ ಅಂತ ಫೋನ್ ತೆಗೀತಿದ್ದೆ, ಅಷ್ಟರಲ್ಲಿ ಒಂಬತ್ತನೇ ಕ್ಲಾಸ್ ಹುಡುಗಿ "ಸಾರ್ ನಿಲ್ಸಿ, ನಿಲ್ಸಿ, ಧೂಳು ನೋಡಿ" ಅಂದ್ಳು. ಆನೆ ಕಾಲಿಗೆ ಧೂಳು ಏಳ್ತಿದೆ, ನಮ್ಮಲ್ಲಿ ಮೂರು ದಿನದಿಂದ ಬಿಡದೇ ಮಳೆ! ಆಮೇಲೆ ನೋಡಿದ್ರೆ ಹಿಂದಿನ ಅಂಗಡಿ ಬೋರ್ಡು ಮಲಯಾಳಂ. ಮೆಸೇಜ್ ಮೇಲೆ ಎರಡು ಬಾಣದ ಗುರುತೂ ಇತ್ತು, ಅಂದ್ರೆ ತುಂಬಾ ಕೈ ದಾಟಿ ಬಂದಿದ್ದು.

ಆದ್ರೆ ಮಕ್ಕಳಿಗೆ 'ಎಲ್ಲಾ ಫೇಕ್' ಅನ್ನೋ ಚಟ ಹತ್ತಿಸ್ಬೇಡಿ, ಅದು ಇನ್ನೂ ಅಪಾಯ. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಗಲಾಟೆ ನೆನಪಿರ್ಬೇಕಲ್ಲ, ಒಂದರ ಹಿಂದೊಂದು ಸಾವಿನ ಸುದ್ದಿ ಬಂದು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನ ಬೆಳಗ್ಗೆನೇ ಕ್ಯೂ ನಿಂತಿದ್ರು. ಸಾವುಗಳು ನಿಜ, ಮನೆಗಳು ಅತ್ತಿದ್ದೂ ನಿಜ. ಸರ್ಕಾರದ ಸಮಿತಿ 24 ಸಾವು ಪರಿಶೀಲಿಸಿದಾಗ ಅದ್ರಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದ್ದು ಅಂತ ಗೊತ್ತಾಯ್ತು. ದಿನಾ ಉದ್ದ ಆಗ್ತಿದ್ದ ಸಾವಿನ ಲೆಕ್ಕ ನೋಡಿ ಹೆದರಿದ್ವಿ, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಅಂತ ನಮ್ ಸ್ಟಾಫ್ ರೂಮಲ್ಲಿ ಒಬ್ರೂ ಕೇಳ್ಲಿಲ್ಲ, ನಾನೂ ಸೇರಿ.

ಇನ್ನೊಂದು, ದೊಡ್ಡವ್ರನ್ನ ಗ್ರೂಪಲ್ಲಿ ಎಲ್ಲರ ಮುಂದೆ ತಿದ್ದೋಕೆ ಹೋಗ್ಬೇಡಿ, ಮರ್ಯಾದೆ ಪ್ರಶ್ನೆ ಆಗ್ಬಿಡುತ್ತೆ. ನಿಂಬೆರಸದ ಅಣ್ಣೋರ ಜೊತೆ ಟೀ ಅಂಗಡೀಲಿ ಕೂತು ಮಾತಾಡಿದೆ. ಈಗ ಗ್ರೂಪಿಗೆ ಹಾಕೋ ಮುಂಚೆ ನನಗೆ ಕಳಿಸ್ತಾರೆ, "ಮೇಷ್ಟ್ರೇ ಇದು ಹೌದಾ?" ಅಂತ, ಬೆಳಗ್ಗೆ ಐದೂವರೆಗೆ. ನಿಂಬೆಹಣ್ಣು ಮಾತ್ರ ಇನ್ನೂ ಬಿಟ್ಟಿಲ್ಲ.