ಹಳೇ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟರೆ ಮಾತೇ ಇಲ್ಲ. ಹರಟೆ ಮತ್ತೆ ಶುರುವಾಗಲು ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಮೂರು ವರ್ಷದ ಹಿಂದೆ ನಮ್ಮ ಗುಂಪಿನದೂ ಇದೇ ಪಾಡು. ಕಲಬುರಗಿಯಲ್ಲಿ ಹತ್ತನೇ ಕ್ಲಾಸು ಒಟ್ಟಿಗೆ ಓದಿದ 41 ಜನ ಇದ್ದೇವೆ. ಅರ್ಧ ಜನ ಈಗ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ್ದಾರೆ. ಬೆಳಗ್ಗೆ ಗುಲಾಬಿ ಹೂವಿನ ಚಿತ್ರ, ಹಬ್ಬಕ್ಕೆ ದೀಪದ ಚಿತ್ರ, ಬರ್ತ್‌ಡೇಗೆ ಕೇಕಿನ ಚಿತ್ರ. ಅಷ್ಟೇ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಅಡ್ಮಿನ್ ಅಂತ ಸ್ವಲ್ಪ ಜಂಬ ಇತ್ತಲ್ಲ, "ಇನ್ನು ಮೇಲೆ ಫಾರ್ವರ್ಡ್ ಹಾಕುವಂತಿಲ್ಲ, ಸ್ವಂತ ಮಾತು ಬರೆಯಿರಿ" ಅಂತ ಫರ್ಮಾನು ಹೊರಡಿಸಿದೆ. ಎರಡು ತಿಂಗಳು ಗುಂಪು ಸ್ಮಶಾನ. ಗುಲಾಬಿ ಹಾಕುತ್ತಿದ್ದವನು ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. "ನನಗ ಟೈಪ್ ಮಾಡಾಕ ಬರಂಗಿಲ್ಲಪಾ, ಹೂವು ಹಾಕಿದ್ರ ನಾ ಅದೀನಿ ಅಂತ ನಿಮಗ ಗೊತ್ತಾಗಲಿ ಅಂತ ಹಾಕ್ತಿದ್ದೆ" ಅಂದ. ನಾಚಿಕೆಯಾಯಿತು. ಅವತ್ತೇ ನಿಯಮ ಅಳಿಸಿ, ಅವನಿಗೆ ವಾಯ್ಸ್ ಮೆಸೇಜ್ ಕಳಿಸೋದು ಹೇಗೆ ಅಂತ ತೋರಿಸಿಕೊಟ್ಟೆ. ಈಗ ಗುಂಪಿನಲ್ಲಿ ಅವನದೇ ಬಾಯಿ ಜಾಸ್ತಿ.

"ಎಲ್ಲರೂ ಹೇಗಿದ್ದೀರಿ" ಅಂತ ಕೇಳಬೇಡಿ. ಬೇರೆ ಯಾರಾದರೂ ಉತ್ತರ ಕೊಡುತ್ತಾರೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. "ಹಳೇ ನೆನಪು ಹಂಚಿಕೊಳ್ಳಿ" ಅಂತಲೂ ಬೇಡ, ಪ್ರಬಂಧ ಬರೆಯಲು ಕೂರಿಸಿದ ಹಾಗಾಗುತ್ತದೆ. ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಾದ, ಆದರೆ ಇಬ್ಬರ ಉತ್ತರ ಒಂದೇ ಆಗದಂಥ ಸಣ್ಣ ಪ್ರಶ್ನೆ ಕೇಳಿ.

ನಮಗೆ ಇದು ಗೊತ್ತಾಗಿದ್ದು ಒಂದು ಮೇ ತಿಂಗಳ ರಾತ್ರಿ. ನಮ್ಮೂರಿನಲ್ಲಿ ಮೇನಲ್ಲಿ 42, 43 ಡಿಗ್ರಿ ಅಂದರೆ ಅದು ಸುದ್ದಿಯೇ ಅಲ್ಲ. ಕರೆಂಟು ಹೋಗಿತ್ತು, ನಿದ್ದೆ ಬರಲಿಲ್ಲ. ಸುಮ್ನೆ ಬರೆದೆ: "ಸಣ್ಣವರಿದ್ದಾಗ ನಿಮ್ಮ ಮಾಳಿಗಿ ಮ್ಯಾಲ ನೀರು ಹೊಡೀತಿದ್ದವರು ಯಾರು?"

ನಮ್ಮ ಕಡೆ ನೆಲಕ್ಕೂ ಮಾಳಿಗೆಗೂ ಶಹಾಬಾದ್ ಪರಸಿ. ದಿನವಿಡೀ ಕಾದ ಕಲ್ಲಿನ ಮೇಲೆ ಸಂಜೆ ಕೊಡ ಸುರಿದರೆ ಚುಂಯ್ ಅನ್ನುತ್ತದೆ, ಆವಿ ಏಳುತ್ತದೆ, ಕೆಳಗಿಳಿದು ಇನ್ನೊಂದು ಕೊಡ ತರುವಷ್ಟರಲ್ಲಿ ಒಣಗಿರುತ್ತದೆ. ಹತ್ತು ಗಂಟೆಗೆ ಹಾಸಿಗೆ ಹಾಸಿದರೂ ಬೆನ್ನಿಗೆ ಬಿಸಿ ತಾಗುತ್ತಿತ್ತು. ಐದೇ ನಿಮಿಷದಲ್ಲಿ ಎಂಟು ಹುಡುಗರು "ನಾನೇ ಹೊಡೀತಿದ್ದೆ" ಅಂತ ಬರೆದರು. ಆಮೇಲೆ ಅಲ್ಲಿವರೆಗೆ ಒಂದಕ್ಷರ ಬರೆಯದ ಒಬ್ಬಳು ಬರೆದಳು: "ಸುಳ್ಳು ಹೇಳಬ್ಯಾಡ್ರಿ. ಕೊಡ ಹೊತ್ತವರು ನಾವು. ಗಾಳಿ ಬರೋ ಮೂಲಿ ಹಿಡಿದವರು ನೀವು." ಮುಗೀತು. ರಾತ್ರಿ ಒಂದರವರೆಗೆ ಜಗಳ. ಉಳಿದ ಹೆಣ್ಣುಮಕ್ಕಳೂ ಮಾತಿಗಿಳಿದಿದ್ದು ಅವತ್ತೇ.

ಅಲ್ಲಿಂದ ಇಲ್ಲಿವರೆಗೆ ಜಗಳಕ್ಕೆ ಬರ ಬಂದಿಲ್ಲ. ಅಪ್ಪನ (ಶರಣಬಸವೇಶ್ವರರ) ಜಾತ್ರೆಯಲ್ಲಿ ತೇರಿನ ಮೇಲೆ ಎಸೆದ ಉತ್ತತ್ತಿ ಯಾರ ತಲೆಗೆ ಬಿತ್ತು ಅಂತ ಒಂದು ವಾರ. ಗುಂಪಿನ ಹೆಸರಿನಲ್ಲಿ ಇನ್ನೂ "ಗುಲ್ಬರ್ಗಾ" ಯಾಕಿದೆ, 2014ರ ನವೆಂಬರ್ 1ಕ್ಕೇ ಊರು ಕಲಬುರಗಿ ಆಯಿತಲ್ಲ ಅಂತ ಎರಡು ದಿನ. (ಬದಲಾಯಿಸಿಲ್ಲ. ನಾವು ಓದಿದ್ದು ಗುಲ್ಬರ್ಗಾದಲ್ಲಿ ಅನ್ನೋರೇ ಗೆದ್ದರು.) ಪುಣೆಯ ಟ್ರಾಫಿಕ್ಕಿನಲ್ಲಿ ನಮ್ಮೂರಿನ ಕೆಎ 32 ನಂಬರಿನ ಗಾಡಿ ಕಂಡರೆ ಫೋಟೊ ಹೊಡೆದು ಹಾಕುವವನು ಒಬ್ಬನಿದ್ದಾನೆ. ರಾಜಕೀಯ ಮಾತ್ರ ಬೇಡ ಅಂತ ಎಲ್ಲರೂ ಒಪ್ಪಿದ್ದೇವೆ, ಆದರೂ ಚುನಾವಣೆ ಹೊತ್ತಿಗೆ ಇಬ್ಬರು ಗುಂಪು ಬಿಟ್ಟು ಹೋಗುತ್ತಾರೆ, ಮುಗಿದ ಮೇಲೆ ತಿರುಗಿ ಬರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಜಗಳ ಬಾರಾ ಗಜ್ ತೋಪಿನದು, ಅಂದರೆ ಫಿರಂಗಿಯದು. ನಮ್ಮ ಕೋಟೆಯ ಮೇಲೆ ಒಂದು ಉದ್ದನೆಯ ತೋಪು ಇದೆ, ಶಾಲೆಯಿಂದ ಕರೆದುಕೊಂಡು ಹೋದಾಗ ಎಲ್ಲರೂ ಅದರ ಮೇಲೆ ಕುದುರೆ ಹತ್ತಿದ ಹಾಗೆ ಕೂತವರೇ. ಎಷ್ಟು ಉದ್ದ ಅಂತ ಯಾರೋ ಕೇಳಿದರು. ಬಾರಾ ಗಜ್ ಅಂದರೆ ಹನ್ನೆರಡು ಗಜ, ಗಜಕ್ಕೆ ಮೂರು ಅಡಿ, 36 ಅಡಿ ಅಂತ ನಾನು ಬರೆದೆ. ಎಲ್ಲ ಕಡೆ 29 ಅಡಿ ಅಂತಲೇ ಇದೆ ಅಂತ ಇನ್ನೊಬ್ಬ. ಗಣಿತದ ಮೇಷ್ಟ್ರಾಗಿರುವ ಗೆಳೆಯ ಮಧ್ಯೆ ಬಂದ. ಹಿಂದಿನ ಕಾಲದಲ್ಲಿ ಗಜದ ಅಳತೆ ಎಲ್ಲ ಕಡೆ ಒಂದೇ ಇರಲಿಲ್ಲ, 29 ಅಡಿಯನ್ನು ಹನ್ನೆರಡು ಪಾಲು ಮಾಡಿದರೆ ಗಜಕ್ಕೆ ಸರಿಯಾಗಿ 29 ಇಂಚು ಬರುತ್ತದೆ, ಎರಡೂ ಸರಿ ಇರಬಹುದು ಅಂದ. ನಾನು ಒಪ್ಪಲಿಲ್ಲ. ಖರೇ ಹೇಳಬೇಕೆಂದರೆ ಮನಸ್ಸಿನಲ್ಲಿ ಒಪ್ಪಿದ್ದೆ, ಗುಂಪಿನಲ್ಲಿ ಒಪ್ಪಲಿಲ್ಲ.

ದೀಪಾವಳಿಗೆ ಊರಿಗೆ ಬಂದ ಗುಲಾಬಿ ಗೆಳೆಯನ ತಮ್ಮನನ್ನು ಕಟ್ಟಿಕೊಂಡು ಆ ಮೇಷ್ಟ್ರು ಕೋಟೆಗೇ ಹೋದ. ಕೈಯಲ್ಲಿ ಹೆಂಡತಿಯ ಹೊಲಿಗೆ ಟೇಪು. ಒಂದೂವರೆ ಮೀಟರಿನ ಟೇಪನ್ನು ಐದಾರು ಸಲ ಎತ್ತಿ ಎತ್ತಿ ಇಟ್ಟು, ಬೆವರು ಸುರಿಸಿಕೊಂಡು ಅಳೆದು, ಪ್ರತಿ ಸಲದ ಫೋಟೊ ಹಾಕಿದ. 29 ಅಡಿಗೆ ಹತ್ತಿರವೇ ಬಂತು.

ಟೇಪು ಹಳೇದು, ಜಗ್ಗಿರಬೇಕು, ಜಗ್ಗಿದ ಟೇಪು ಕಡಿಮೆ ತೋರಿಸುತ್ತದೆ ಅಂತ ಬರೆದಿದ್ದೇನೆ. ಅವನು ಕಬ್ಬಿಣದ ಟೇಪು ತರುತ್ತಾನಂತೆ.