ಕಷ್ಟದ ವರ್ಷ ಬೋರರ್ ನೋಡೋದನ್ನ ಬಿಡಬಾರದು

ರಾಯಚೂರಿನ ಸರ್, ನೀವು ಕೇಳಿದ ಪ್ರಶ್ನೆ ಎರಡು ದಿನದಿಂದ ತಲೇಲೇ ಕೂತಿದೆ. ನಮ್ಮ ಕಡೆ ಬರ ಬಿದ್ರೆ ಜನ ಗುಳೆ ಹೋಗ್ತಾರೆ, ನಿಮಗೇನು ಮಳೆ ಇದೆ ತೋಟ ಇದೆ, ಆರ್ಥಿಕ ಕುಸಿತ ಅಂದ್ರೆ ನಿಮಗೆ ಎಲ್ಲಿ ಗೊತ್ತಾಗ್ತದೆ, ಅಂಥ ಹೊತ್ತಲ್ಲಿ ಆಳೋ ಪಕ್ಷದ ಶಾಸಕರು ಒಟ್ಟಿಗೆ ಕೂತಾಗ ಮೊದಲು ಯಾವುದಕ್ಕೆ ದುಡ್ಡು ಇಡ್ಬೇಕು ಅಂತೀರಿ, ಇಷ್ಟು ನೀವು ಕೇಳಿದ್ದು. ತಪ್ಪು ಪ್ರಶ್ನೆ ಅಲ್ಲ. ಹೊರಗಿಂದ ನೋಡಿದ್ರೆ ನಮ್ಮೂರು ಹಸಿರಾಗೇ ಕಾಣ್ತದೆ, ಕಷ್ಟ ಬಂದಿದ್ರೂ ಹಸಿರಾಗೇ ಕಾಣ್ತದೆ, ಅದೇ ಇಲ್ಲಿನ ತೊಂದರೆ.

ಮೊದಲು ಜಾಗ ಹೇಳ್ತೀನಿ. ಸಕಲೇಶಪುರ ತಾಲೂಕಿನ ಹಾನುಬಾಳು ಕಡೆಯೋರು ನಾವು. ಹಾಸನ ಜಿಲ್ಲೆ ಇಲ್ಲಿಗೆ ಮುಗೀತದೆ, ಆಚೆ ಮೂಡಿಗೆರೆ ಅಂದ್ರೆ ಚಿಕ್ಕಮಗಳೂರು ಜಿಲ್ಲೆ, ಪಡುವಣಕ್ಕೆ ಘಟ್ಟ ಇಳಿದ್ರೆ ದಕ್ಷಿಣ ಕನ್ನಡ. ಬೆಳಗಾವಿ ಕಾಸರಗೋಡಿನ ಥರ ಭಾಷೆಯ ಗಡಿ ಅಲ್ಲ, ಆದ್ರೂ ಗಡಿ ಗಡೀನೇ. ರೇಷನ್ ಕಾರ್ಡು ಒಂದು ಜಿಲ್ಲೇದು, ಪೇಟೆ ಕೆಲಸಕ್ಕೆ ಹೋಗೋದು ಇನ್ನೊಂದು ಜಿಲ್ಲೆಗೆ, ಜೀವಕ್ಕೆ ಬಂದ್ರೆ ಘಟ್ಟ ಇಳಿದು ಮಂಗಳೂರಿಗೆ ಓಡಬೇಕು. 2019ರ ಆಗಸ್ಟ್ ಮಳೇಲಿ ಚಾರ್ಮಾಡಿ ಕುಸಿದು ರಸ್ತೆ ಬಂದ್ ಆಯ್ತಲ್ಲ, ಆಗ ಆ ಓಟವೂ ಇಲ್ಲ. ವಿಧಾನಸಭೆಯ 224ರಲ್ಲಿ ಹಾಸನಕ್ಕೆ ಏಳು ಸೀಟು, ಚಿಕ್ಕಮಗಳೂರಿಗೆ ಐದು. ಒಂದೇ ಬೇಲಿ ಈಚೆ ಒಬ್ಬ ಎಂಎಲ್ಎ ಆಚೆ ಇನ್ನೊಬ್ಬ, ಕಷ್ಟ ಮಾತ್ರ ಎರಡೂ ಕಡೆ ಒಂದೇ.

ಆ ಕಷ್ಟದ ಕಥೆ ಹೇಳ್ಬೇಕು ಅಂದ್ರೆ ಕಾಫಿ ರೇಟಿಂದಲೇ ಶುರು ಮಾಡ್ಬೇಕು. ನಮ್ಮ ತಂದೆ ಕಾಲದಲ್ಲಿ ಬೆಳೆದ ಕಾಫಿ ಎಲ್ಲಾ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು, ಬೋರ್ಡೇ ಮಾರಿ ಕಂತು ಕಂತಾಗಿ ದುಡ್ಡು ಕೊಡೋದು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡ್ಬೇಕು ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದ ಕೋಟಾ 1989ರಲ್ಲಿ ಬಿದ್ದುಹೋಯ್ತು, ಆಮೇಲೆ ಹಂತ ಹಂತವಾಗಿ ನಮ್ಮಲ್ಲೂ ಪೂಲ್ ಸಡಿಲ ಮಾಡಿ 1996ರ ಹೊತ್ತಿಗೆ ಯಾರಿಗೆ ಬೇಕಾದ್ರೂ ಮಾರ್ಕೊಳ್ಳಿ ಅಂತಾಯ್ತು. ಬ್ರೆಜಿಲಲ್ಲಿ ಇಬ್ಬನಿ ಹಿಮ ಬಿದ್ದು ಬೆಳೆ ಹೋಗಿದ್ದಕ್ಕೆ ಆ ಮೂರು ನಾಲ್ಕು ವರ್ಷ ಇಲ್ಲಿ ಒಳ್ಳೆ ರೇಟು, ಎಷ್ಟೋ ಜನ ಸಾಲ ಮಾಡಿ ತೋಟ ತಗೊಂಡ್ರು, ಮನೆ ಕಟ್ಟಿದ್ರು, ಜೀಪು ತಗೊಂಡ್ರು. ಆಮೇಲೆ ವಿಯೆಟ್ನಾಂನ ರೋಬಸ್ಟಾ ಜಾತಿ ಕಾಫಿ ಮಾರ್ಕೆಟ್ಟಿಗೆ ಬಂತು ನೋಡಿ. 1997ರಲ್ಲಿ ಪೌಂಡಿಗೆ ಸರಾಸರಿ 130 ಸೆಂಟ್ ಮೇಲಿದ್ದ ದರ 2001ಕ್ಕೆ 45 ಸೆಂಟ್ ಹತ್ತಿರಕ್ಕೆ ಇಳೀತು. ಮೂರರಲ್ಲಿ ಒಂದು ಪಾಲು. ಡಾಲರು ಸೆಂಟು ನಮಗ್ಯಾರಿಗೂ ಗೊತ್ತಿರ್ಲಿಲ್ಲ, ಗೊತ್ತಾಗಿದ್ದು ಏನಂದ್ರೆ ಚೆರ್ರಿ ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಅದರ ಮೂಟೆ ಮಾರಿದ್ರೆ ಹಣ್ಣು ಕುಯ್ದ ಕೂಲಿಗೇ ಸಾಲದು ಅನ್ನೋದು.

ಅವಾಗ ನಮ್ಮ ಮನೇಲಿ ಏನು ಮಾಡಿದ್ರು ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇರೋದು. ತಂದೆ ಬಟವಾಡೆ ಪುಸ್ತಕ, ಅಂದ್ರೆ ವಾರದ ಕೂಲಿ ಲೆಕ್ಕದ ಪುಸ್ತಕ, ಹಿಡ್ಕೊಂಡು ರಾತ್ರಿ ಕೂತ್ಕೊಳ್ಳೋರು. ಉದ್ದನೆ ಪುಸ್ತಕ, ಎಡಗಡೆ ಲೈನ್ ಮನೆ (ತೋಟದಲ್ಲಿ ಆಳುಗಳಿಗೆ ಅಂತ ಸಾಲಾಗಿ ಕಟ್ಟಿಸಿದ ಮನೆ) ಆಳುಗಳ ಹೆಸರು, ಪಕ್ಕದಲ್ಲಿ ಆರು ದಿನದ ಆರು ಖಾನೆ, ಬಂದ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅಡ್ಡ ಗೀಟು. ಆ ವರ್ಷದ ಪುಟ ಈಗ್ಲೂ ಇದೆ ನಮ್ಮತ್ರ. ಮೊದಲು ಆರಕ್ಕೆ ಆರು ಗೀಟು ಇದ್ದಿದ್ದು ಆಮೇಲೆ ನಾಲ್ಕು ಆಯ್ತು, ಮುಂದಿನ ಮಳೆಗಾಲಕ್ಕೆ ಮೂರು, ಹೆಸರುಗಳೂ ಕಮ್ಮಿ ಆಗ್ತಾ ಬಂದು ಕೊನೇಲಿ ಅರ್ಧ ಪುಟ ಖಾಲಿ. ಯಾರನ್ನೂ ಹೋಗಿ ಅಂತ ಅನ್ಲಿಲ್ಲ, ಕೆಲಸ ಇಲ್ಲ ಅಂದ್ರೆ ಸಾಕಲ್ಲ, ಅವರೇ ಪಾತ್ರೆ ಪಗಡ ಕಟ್ಕೊಂಡು ಹೋದ್ರು.

ಯಾವ ಕೆಲಸ ನಿಲ್ಲಿಸಿದ್ರು? ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಸರ್. ಹಣ್ಣು ಕುಯ್ಯೋದನ್ನ ನಿಲ್ಲಿಸೋಕಾಗಲ್ಲ. ಗೊಬ್ಬರ ಅರ್ಧ ಮಾಡಿದ್ರು. ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಸವರೋದನ್ನ, ಬಿಟ್ರು. ಬೋರರ್ ನೋಡೋದನ್ನ ಪೂರ್ತಿ ಬಿಟ್ರು. ಬೋರರ್ ಅಂದ್ರೆ ಬಿಳಿ ಕಾಂಡಕೊರಕ, ಅರೇಬಿಕಾ ಜಾತಿ ಕಾಫಿ ಗಿಡದ ಯಮ. ದುಂಬಿ ತೊಗಟೆ ಸಂದೀಲಿ ಮೊಟ್ಟೆ ಇಡ್ತದೆ, ಹುಳ ಕಾಂಡದೊಳಗೆ ಹೊಕ್ಕೊಂಡು ತಿಂಗಳುಗಟ್ಟಲೆ ಕೊರೀತಾ ಇರ್ತದೆ. ಏಪ್ರಿಲ್ ಮೇ ಒಂದ್ಸಲ, ಅಕ್ಟೋಬರಿಂದ ಡಿಸೆಂಬರ್ ತನಕ ಇನ್ನೊಂದ್ಸಲ ದುಂಬಿ ಹೊರಗೆ ಬಂದು ಹಾರೋ ಕಾಲ, ಅದಕ್ಕೆ ಮುಂಚೆ ಮಾರ್ಚಲ್ಲಿ ಮತ್ತೆ ಸೆಪ್ಟೆಂಬರಲ್ಲಿ ಪ್ರತಿ ಗಿಡ ನೋಡ್ಬೇಕು. ಪ್ರತಿ ಗಿಡ. ಬಗ್ಗಿ ಬುಡದಿಂದ ಮೇಲಕ್ಕೆ ಅಂಗೈ ಸವರಿಕೊಂಡು ಹೋದ್ರೆ ಎಲ್ಲಾದ್ರೂ ತೊಗಟೆ ಕೆಳಗೆ ನರ ಉಬ್ಬಿದ ಹಾಗೆ ಕೈಗೆ ಸಿಕ್ತದೆ, ಎಲೆ ಒಂಚೂರು ಹಳದಿ ತಿರುಗಿರ್ತದೆ, ಅದನ್ನ ಕಿತ್ತು ಸುಡಬೇಕು. ಸೀಳಿ ನೋಡಿದ್ರೆ ಒಳಗೆ ಸುರಂಗ, ಸುರಂಗದ ತುಂಬ ಹಿಟ್ಟಿನ ಥರ ಪುಡಿ ಗಟ್ಟಿಯಾಗಿ ತುಂಬಿರ್ತದೆ, ಎಲ್ಲೋ ಒಂದ್ಕಡೆ ಬೆಳ್ಳಗೆ ಹುಳ. ಹೊರಗಿಂದ ಗಿಡ ಚೆನ್ನಾಗೇ ಇರ್ತದೆ, ಆ ವರ್ಷ ಫಸಲೂ ಕೊಡ್ತದೆ. ಆ ವರ್ಷ ಬೋರರ್ ನೋಡ್ಲಿಲ್ಲ ಅಂದ್ರೆ ಏನೂ ಆಗಲ್ಲ, ಕೂಲಿ ಉಳೀತದೆ, ಲೆಕ್ಕ ಚೆನ್ನಾಗಿ ಕಾಣ್ತದೆ. ಎರಡು ಮೂರು ವರ್ಷ ಆದ್ಮೇಲೆ ಪಟ್ಟೆಗೆ ಪಟ್ಟೆನೇ ಒಣಗಿ ನಿಲ್ತದೆ. ನಮ್ಮದು ಮೂರೆಕರೆ ಅರೇಬಿಕಾ ಹಾಗೇ ಹೋಯ್ತು. ಹೊಸ ಗಿಡ ಹಾಕಿ ಫಸಲು ನೋಡೋಕೆ ಮತ್ತೆ ನಾಲ್ಕೈದು ವರ್ಷ. ಉಳಿಸಿದ ಕೂಲಿ ಎಷ್ಟು, ಕಳ್ಕೊಂಡಿದ್ದೆಷ್ಟು ಅಂತ ತಂದೆ ಒಂದಿನ ಕೂತು ಲೆಕ್ಕ ಹಾಕಿ ಪುಸ್ತಕ ಮುಚ್ಚಿಟ್ರು, ಆಮೇಲೆ ಆ ಮಾತೇ ಎತ್ತಲಿಲ್ಲ.

ಸರ್ಕಾರನೂ ಕಷ್ಟ ಬಂದಾಗ ಇದನ್ನೇ ಮಾಡ್ತದೆ ಅನ್ನೋದು ನನ್ನ ಮಾತು. ರಾಜ್ಯಕ್ಕೆ ನೋಟು ಪ್ರಿಂಟ್ ಮಾಡೋ ಅಧಿಕಾರ ಇಲ್ಲ, ಸಾಲಕ್ಕೂ ಮಿತಿ ಇದೆ. ಸಂಬಳ ಪೆನ್ಶನ್ ಬಡ್ಡಿ ಮೂರನ್ನೂ ಮುಟ್ಟೋ ಹಾಗಿಲ್ಲ. ಜಿಎಸ್‌ಟಿ, ಅಬಕಾರಿ, ರಿಜಿಸ್ಟ್ರೇಶನ್, ಪೆಟ್ರೋಲ್ ಡೀಸೆಲ್ ಟ್ಯಾಕ್ಸು, ಗಾಡಿ ಟ್ಯಾಕ್ಸು ಇಷ್ಟೇ ರಾಜ್ಯದ ಸ್ವಂತ ದೊಡ್ಡ ಆದಾಯ, ಕುಸಿತದಲ್ಲಿ ಇವೆಲ್ಲಾ ಒಟ್ಟಿಗೇ ಇಳೀತವೆ. ಆಗ ಕತ್ತರಿ ಹಾಕೋದು ಯಾವುದಕ್ಕೆ? ಕತ್ತರಿಸಿದ್ರೆ ಆ ವರ್ಷ ಯಾರಿಗೂ ಕಾಣದೇ ಇರೋದಕ್ಕೆ. ಮೋರಿ ರಿಪೇರಿ, ಪ್ರೈಮರಿ ಹೆಲ್ತ್ ಸೆಂಟರಿನ ಔಷಧಿ, ಖಾಲಿ ಬಿದ್ದ ಮೇಷ್ಟ್ರ ಪೋಸ್ಟು, ಘಟ್ಟದ ರಸ್ತೆ ಪಕ್ಕದ ತಡೆಗೋಡೆ. ಇದೆಲ್ಲಾ ಬೋರರ್ ನೋಡೋ ಕೆಲಸ. ಎರಡು ಮೂರು ವರ್ಷ ಬಿಟ್ಟು ಮಳೆಗಾಲದಲ್ಲಿ ಲೆಕ್ಕ ಬರ್ತದೆ.

ಆದ್ರೆ ಎಲ್ಲಾ ಸಲನೂ ತಪ್ಪೇ ಮಾಡಿದ್ದಾರೆ ಅಂತ ನಾನು ಹೇಳಲ್ಲ, ಹೇಳಿದ್ರೆ ಅದು ಸುಳ್ಳಾಗ್ತದೆ. ಅದೇ ಕೆಟ್ಟ ಕಾಲ ನೆನಪು ಮಾಡ್ಕೊಳ್ಳಿ, ಎಸ್.ಎಂ. ಕೃಷ್ಣ ಸರ್ಕಾರ. ರಾಜ್ಯದಲ್ಲಿ ಸಾಲು ಸಾಲು ಬರ, ನಮ್ಮಲ್ಲಿ ಕಾಫಿ ರೇಟು ಪಾತಾಳಕ್ಕೆ, ಖಜಾನೆ ಕಥೇನೂ ಚೆನ್ನಾಗಿರ್ಲಿಲ್ಲ. ಸಾಲಕ್ಕೆ ಮಿತಿ ಹಾಕೋ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರಲ್ಲಿ ಬಂದಿದ್ದು, ಅಂಥ ಕಾಯ್ದೆ ಮಾಡಿದ ಮೊದಲನೇ ರಾಜ್ಯ ಕರ್ನಾಟಕನೇ. ಅಷ್ಟು ಬಿಗಿ ಇದ್ದಾಗಲೂ ಒಂದು ಹೊಸ ಖರ್ಚು ತಲೆ ಮೇಲೆ ಹಾಕ್ಕೊಂಡ್ರು, ಶಾಲೇಲಿ ಬಿಸಿಯೂಟ. 2002ರಲ್ಲಿ ನಿಮ್ಮ ರಾಯಚೂರು, ಬೀದರ್, ಕಲಬುರಗಿ ಸೇರಿ ಏಳು ಜಿಲ್ಲೇಲಿ ಶುರುವಾಗಿದ್ದು ನಿಮಗೇ ನೆನಪಿರ್ತದೆ. ಆಮೇಲೆ ನಮ್ಮ ಕಡೆಗೂ ಬಂತು. ಅಪ್ಪ ಅಮ್ಮನಿಗೆ ವಾರಕ್ಕೆ ಮೂರು ದಿನ ಕೆಲಸ ಇದ್ದ ಲೈನ್ ಮನೆ ಮಕ್ಕಳು ಮಧ್ಯಾಹ್ನ ಶಾಲೆ ಜಗಲೀಲಿ ಸಾಲಾಗಿ ಕೂತು ಅನ್ನ ಸಾರು ಉಣ್ಣೋದನ್ನ ನಾನು ಕಣ್ಣಾರೆ ನೋಡಿದೀನಿ. ಒಂದು ಹುಡುಗಿ ಎರಡನೇ ಸಲ ಹಾಕಿಸಿಕೊಂಡು ತಟ್ಟೆ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಮನೇಲಿದ್ದ ತಮ್ಮನಿಗೆ ತಗೊಂಡು ಹೋಗ್ತಿತ್ತು, ಅಡುಗೆಯೋರು ನೋಡಿದ್ರೂ ನೋಡದ ಹಾಗೆ ಇರೋರು. ಆ ವರ್ಷ ದುಡ್ಡಿಲ್ಲ ಮುಂದೆ ನೋಡಣ ಅಂದಿದ್ರೆ ಆ ಮಕ್ಕಳು ಶಾಲೆ ಬಿಟ್ಟು ಯಾವುದೋ ಊರಿಗೆ ಹೊರಟು ಹೋಗ್ತಿದ್ರು. ಅಂಥದ್ದನ್ನ ನಾನು ಪ್ರಯಾರಿಟಿ ಅಂತೀನಿ.

2020ರಲ್ಲಿ ಕೊರೊನಾ ಬಂದಾಗ ಯಡಿಯೂರಪ್ಪನೋರ ಸರ್ಕಾರ ಮೇ ತಿಂಗಳಲ್ಲಿ 1,610 ಕೋಟಿ ಪ್ಯಾಕೇಜ್ ಕೊಡ್ತು. ಕ್ಷೌರದೋರು, ಮಡಿವಾಳರು, ಆಟೋ ಟ್ಯಾಕ್ಸಿ ಡ್ರೈವರುಗಳಿಗೆ ತಲಾ 5,000, ಹೂ ಬೆಳೆದೋರಿಗೆ ಹೆಕ್ಟೇರಿಗೆ 25,000. ದಿನಾ ದುಡಿದು ದಿನಾ ತಿನ್ನೋರನ್ನ ಹೆಸರು ಹಿಡಿದು ಲೆಕ್ಕಕ್ಕೆ ತಗೊಂಡಿದ್ದು ದೊಡ್ಡ ವಿಷಯ, ಅದನ್ನ ನಾನು ಮನಸಾರೆ ಒಪ್ತೀನಿ. ಅದರ ಜೊತೆಗೇ ಮದ್ಯದ ಮೇಲಿನ ಸುಂಕ ಏರಿಸಿದ್ರು, ಬಜೆಟ್ಟಲ್ಲಿ ಹೇಳಿದ್ದ ಶೇಕಡ 6ರ ಮೇಲೆ ಇನ್ನೂ ಶೇಕಡ 11. ಒಂದು ಕೈಲಿ ಕೊಟ್ಟಿದ್ದನ್ನ ಇನ್ನೊಂದು ಕೈಲಿ ಯಾರಿಂದ ವಾಪಸ್ ತಗೊಳ್ತಾರೆ ಅಂತ ಲೈನ್ ಮನೆ ಹೆಂಗಸರನ್ನ ಕೇಳಿದ್ರೆ ಹೇಳ್ತಾರೆ, ಶನಿವಾರದ ಬಟವಾಡೆ ಅಂಗಡಿಗೆ ಹೋಗಿ ಮನೆಗೆ ಬರೋ ಅಷ್ಟರಲ್ಲಿ ಎಷ್ಟು ಕರಗ್ತದೆ ಅಂತ ಅವರಿಗೇ ಗೊತ್ತು. ರಾಜ್ಯ ಒಂದು ವರ್ಷದಲ್ಲಿ ಮಾಡೋ ಸಾಲದ ಮಿತೀನ ರಾಜ್ಯದ ಒಟ್ಟು ಉತ್ಪನ್ನದ ಶೇಕಡ 3ರಿಂದ 5ಕ್ಕೆ ಏರಿಸೋಕೆ ಅದೇ 2002ರ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಯ್ತು. ಅದು ಸರೀನೇ, ಮನೇಲಿ ಒಲೆ ಆರೋ ಹೊತ್ತಿಗೆ ಸಾಲ ಮಾಡದೆ ಇನ್ಯಾವಾಗ ಮಾಡ್ಬೇಕು. ಸಾಲದ ದುಡ್ಡು ಯಾವುದಕ್ಕೆ ಹೋಯ್ತು ಅನ್ನೋದಷ್ಟೇ ಕೇಳ್ಬೇಕಾದ ಮಾತು.

ಇನ್ನು ಗ್ಯಾರಂಟಿ. ಇದರ ಬಗ್ಗೆ ನೀವು ಖಂಡಿತ ಕೇಳ್ತೀರಿ. 2023ರ ಜುಲೈನಲ್ಲಿ ಕಾಂಗ್ರೆಸ್ ಶಾಸಕರು ಕ್ಷೇತ್ರಕ್ಕೆ ಅನುದಾನ ಇಲ್ಲ ಅಂತ ಗೊಣಗಿದಾಗ ಡಿ.ಕೆ. ಶಿವಕುಮಾರ್ ಗ್ಯಾರಂಟಿಗೆ 40 ಸಾವಿರ ಕೋಟಿ ಎತ್ತಿಡಬೇಕು, ಈ ವರ್ಷ ಅಭಿವೃದ್ಧಿಗೆ ದುಡ್ಡು ಕೊಡೋಕಾಗಲ್ಲ ಅನ್ನೋ ಅರ್ಥದಲ್ಲಿ ನೇರವಾಗೇ ಹೇಳಿದ್ರು. ಆ ವರ್ಷ ಬರ ಬೇರೆ. ನನ್ನ ಕೇಳಿದ್ರೆ ಹೆಂಗಸರ ಕೈಗೆ ತಿಂಗಳಿಗೆ 2,000 ಬಂದಿದ್ದು ತಪ್ಪಲ್ಲ, ನಮ್ಮೂರ ಅಂಗಡೀಲಿ ಬಾಕಿ ಪುಸ್ತಕ ತೆಳ್ಳಗಾಗಿದ್ದು ನಿಜ. ನನಗೆ ಸಂಕಟ ಆಗೋದು ಬೇರೆ ಕಡೆ. ಈಗ ನಮ್ಮ ತೋಟಗಳಲ್ಲಿ ಕೆಲಸ ಮಾಡೋರಲ್ಲಿ ತುಂಬ ಜನ ಅಸ್ಸಾಮಿಂದ ಬಂದೋರು. ಇಲ್ಲಿನ ಹಳೇ ಆಳುಗಳು 2001, 2002ರಲ್ಲಿ ಹೋದೋರು ವಾಪಸ್ ಬರ್ಲೇ ಇಲ್ಲ, ಆ ಜಾಗಕ್ಕೆ ಇವರು ಬಂದ್ರು. ಇವರ ಮಕ್ಕಳು ಇಲ್ಲೇ ಕನ್ನಡ ಕಲೀತಾ ಇದಾವೆ. ನಮ್ಮ ಲೈನ್ ಮನೆಗಳ ಕರೆಂಟ್ ಮೀಟರು ನಮ್ಮ ಹೆಸರಲ್ಲಿ, ಮನೆ ನಮ್ಮ ಹೆಸರಲ್ಲಿ, ಅವರ ಹೆಸರಲ್ಲಿ ಅಡ್ರೆಸ್ ಅಂತ ಒಂದು ಕಾಗದ ಇಲ್ಲ. ಯಾವ ಪಕ್ಷದ ಯಾವ ಸ್ಕೀಮು ಬಂದ್ರೂ ಅವರ ಬಾಗಿಲ ತನಕ ಬಂದು ನಿಂತುಬಿಡ್ತದೆ. ನಾಳೆ ರೇಟು ಬಿದ್ದು ನಾವು ಆರು ದಿನದ ಕೆಲಸ ಮೂರು ದಿನ ಮಾಡಿದ್ರೆ ಮೊದಲು ಹಸಿವು ಹೊಕ್ಕೋದು ಆ ಮನೆಗೇ.

ರೇಟು ಬೀಳಲ್ಲ ಈಗ ಚೆನ್ನಾಗಿದೆಯಲ್ಲ ಅಂತೀರಿ. ಹೌದು, 2024ರಿಂದ ಈಚೆಗೆ ನಾವು ಕಂಡು ಕೇಳರಿಯದ ರೇಟು ನೋಡಿದ್ವಿ. 1997ರಲ್ಲೂ ಹಾಗೇ ಅಂದ್ಕೊಂಡಿದ್ವಿ. ಬಿದ್ದ ದಿನ ನಮ್ಮ ಎಂಎಲ್ಎ ಹತ್ರ ಹೋದ್ರೆ ಅವರು ಹೇಳೋದು ಒಂದೇ ಮಾತು, ಕಾಫಿ ಬೋರ್ಡು ಕೇಂದ್ರದ ವಾಣಿಜ್ಯ ಸಚಿವಾಲಯದ್ದು, ಅದು ಸೆಂಟ್ರಲ್. ಮಾತು ಸರಿ. ಆದ್ರೆ ಲೈನ್ ಮನೆ ಮಗು, ಪ್ರೈಮರಿ ಹೆಲ್ತ್ ಸೆಂಟರು, ಶಾಲೆ, ಬಸ್ಸು, ರೇಷನ್ನು ಇವು ಯಾವುದೂ ಕಾಫಿ ಬೋರ್ಡಿಂದಲ್ಲ, ಇವೆಲ್ಲಾ ಬೆಂಗಳೂರಲ್ಲಿ ಶಾಸಕಾಂಗ ಪಕ್ಷದ ಸಭೆಗೆ ಹೋಗಿ ಕೂತ್ಕೊಳ್ಳೋರ ಕೈಲೇ ಇರೋದು. ಆ ಸಭೇಲಿ ನಮ್ಮ ಕಡೆಯೋರು ಎದ್ದು ನಿಂತು ಕೇಳೋದು ಕಾಂಕ್ರೀಟ್ ರಸ್ತೆ, ಸಮುದಾಯ ಭವನ, ಗುದ್ದಲಿ ಪೂಜೆ ಮಾಡಿ ಫೋಟೋ ತೆಗೆಸಿಕೊಳ್ಳೋಕಾಗೋ ಕೆಲಸ. ಒಳ್ಳೆ ವರ್ಷದಲ್ಲಿ ಕೇಳ್ಲಿ ಸರ್, ಬೇಡ ಅನ್ನಲ್ಲ. ಕಷ್ಟದ ವರ್ಷ ಬೇರೆ ಕೇಳ್ಬೇಕು. ಲೈನ್ ಮನೆಯೋರಿಗೆ ಒಂದು ಗುರುತಿನ ಕಾಗದ ಕೊಡಿಸಿ ಅಂತ ಕೇಳ್ಬೇಕು, ಇದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ. ಡಾಕ್ಟ್ರು ಇಲ್ಲದ ಹೆಲ್ತ್ ಸೆಂಟರಿಗೆ ಡಾಕ್ಟ್ರು ಕೇಳ್ಬೇಕು, ಘಟ್ಟದ ರಸ್ತೆ ಚರಂಡಿ ಮಳೆಗೆ ಮುಂಚೆ ತೆಗೆಸಿ ಅಂತ ಕೇಳ್ಬೇಕು.

ಮತ್ತೆ ಬಿಸಿಯೂಟದ ಅಡುಗೆಯೋರ ವಿಷಯ. ನಮ್ಮ ಶಾಲೆ ಅಡುಗೆ ಅಕ್ಕ ಬೆಳಗ್ಗೆ ಒಂಬತ್ತೂವರೆಗೆ ಬೀಗ ತೆಗೆದು ಒಲೆ ಹಚ್ಚಿದ್ರೆ ಪಾತ್ರೆ ತೊಳೆದು ಮನೆಗೆ ಹೋಗೋದು ಮೂರು ಗಂಟೆಗೆ. ಅವರಿಗೆ ಸಿಗೋ ಗೌರವಧನ ಇವತ್ತಿಗೂ ತಿಂಗಳಿಗೆ ಐದು ಸಾವಿರ ಮುಟ್ಟಲ್ಲ, ಅದೂ ಕೆಲವು ತಿಂಗಳು ತಡ. ಕಳೆದ ವಾರ ಕಣಕ್ಕೆ ಬಂದಿದ್ರು, ಸಂಜೆ ಹೊತ್ತು ಕಾಫಿ ಹರಡೋ ಕೆಲಸ ಇದ್ರೆ ಕೊಡಿ ಅಣ್ಣ ಅಂತ. ಊಟ ಬಡಿಸೋ ಹೊತ್ತಿಗೆ ಕೆಲವು ದಿನ ಅಸ್ಸಾಮಿನ ಮೂರು ವರ್ಷದ ಮಕ್ಕಳೂ ಅಕ್ಕನ ಅಣ್ಣನ ಕೈ ಹಿಡ್ಕೊಂಡು ಬಂದುಬಿಡ್ತವಂತೆ, ಲೆಕ್ಕಕ್ಕೆ ಸಿಗದ ಮಕ್ಕಳು, ಅವಕ್ಕೂ ಒಂದೊಂದು ಸೌಟು ಹಾಕ್ತೀನಿ, ಅಕ್ಕಿ ಲೆಕ್ಕ ಕೊಡುವಾಗ ಭಯ ಆಗ್ತದೆ ಅಂದ್ರು.