ಹಳೆಯ ಮ್ಯಾಂಡೊಲಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಅಜ್ಜಾರ ಕಾಲದ ಮ್ಯಾಂಡೊಲಿನ್ ಒಂದು ಮನ್ಯಾಗ ಅದರೀ. ಬೆನ್ನು ಬೋಗುಣಿ ಹಂಗ ಉಬ್ಬ್ಯಾದ. ತಂತಿ ಒಂದೂ ಉಳಿದಿಲ್ಲ. ಈ ಬ್ಯಾಸಿಗ್ಯಾಗ ಮೇಲಿನ ಹಲಗಿ ಸೀಳು ಬಿಟ್ಟದ. ಅಂಗಡಿಯೊಳಗ ಗಿಟಾರ್ ತಂತಿ ಮಾತ್ರ ಸಿಗತಾವ. ಅವನ್ನೇ ಹಾಕಬಹುದೇನ್ರಿ?
ಓದುಗರು, ಕಲಬುರಗಿ

ಉತ್ತರ: ಮೊದಲು ಸೀಳು, ಆಮೇಲೆ ತಂತಿ. ಕಲಬುರಗಿಯ ಏಪ್ರಿಲ್–ಮೇ ಬಿಸಿಲಿಗೆ ಮರದ ತೇವ ಆರಿ ಹಲಗೆ ಕುಗ್ಗುತ್ತದೆ. ಅಂಚಿನಲ್ಲಿ ಅಂಟು ಹಿಡಿದುಕೊಂಡಿರುವುದರಿಂದ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಅದಕ್ಕೆ ಪುಟ್ಟಿ ತುಂಬಿಸಲೇಬೇಡಿ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಪುಟ್ಟಿ ಬೆಣೆಯಂತಾಗಿ ಪಕ್ಕದಲ್ಲೇ ಹೊಸ ಸೀಳು ಬೀಳುತ್ತದೆ. ಬದಲಿಗೆ ತೂತು ಕೊರೆದ ಸಾಬೂನಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ವಾದ್ಯದ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಒಳಗೊಂದು ಚಿಕ್ಕ ಹೈಗ್ರೋಮೀಟರ್ ಇರಲಿ. ತೇವಾಂಶ ಶೇ 45ರಿಂದ 55ರ ನಡುವೆ ನಿಲ್ಲಬೇಕು. ಒಂದೆರಡು ವಾರದಲ್ಲಿ ಬಹಳಷ್ಟು ಸೀಳುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಆಗ ಸರೇಸು (ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಅಂಟು) ಹಾಕಿ ಅಂಟಿಸಿ, ಒಳಗಡೆ ಸೀಳಿಗೆ ಅಡ್ಡಲಾಗಿ ತೆಳ್ಳನೆಯ ಮರದ ಪಟ್ಟಿಗಳನ್ನು ಕೂಡಿಸಬೇಕು. ಇದು ಕೈ ಪಳಗಿದವರ ಕೆಲಸ. ಫೆವಿಕಾಲ್ ಬೇಡ. ಅದು ಒಮ್ಮೆ ಮರದೊಳಗೆ ಇಳಿದರೆ ಮುಂದೆ ಯಾವ ಅಂಟೂ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಸರೇಸನ್ನಾದರೆ ಬಿಸಿ, ತೇವ ಕೊಟ್ಟು ಬಿಡಿಸಬಹುದು. ಅದೇ ಕಾರಣಕ್ಕೆ ಬಿಸಿಲಲ್ಲಿ ನಿಂತ ಕಾರಿನೊಳಗೆ ವಾದ್ಯ ಬಿಡಬೇಡಿ, ಬೆಸುಗೆಗಳು ಸಡಿಲವಾಗುತ್ತವೆ. ಏರ್ ಕೂಲರಿನ ಎದುರಿನ ಗೋಡೆಗೂ ತೂಗುಹಾಕಬೇಡಿ. ಕೂಲರ್ ಓಡುವಾಗ ಒದ್ದೆ ಗಾಳಿ, ನಿಂತಾಗ ಒಣ ಗಾಳಿ, ಈ ಏರಿಳಿತವೇ ಮರಕ್ಕೆ ಹೆಚ್ಚು ಕೆಡುಕು.

ಇನ್ನು ತಂತಿ. ಗಿಟಾರ್ ತಂತಿ ಆಗುತ್ತದೆ, ಆದರೆ ಸೆಟ್ ಕೊಳ್ಳದೆ ದಪ್ಪ ನೋಡಿ ಬಿಡಿ ತಂತಿ ಕೊಳ್ಳಿ. ಮ್ಯಾಂಡೊಲಿನ್‌ಗೆ ನಾಲ್ಕು ಜೋಡಿ ತಂತಿ, ಒಂದೊಂದಕ್ಕೂ ಅದರ ಸ್ವರದ ಹೆಸರು. ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಇ ಜೋಡಿಗೆ 9, ಎ ಜೋಡಿಗೆ 13, ಡಿ ಜೋಡಿಗೆ ಸುತ್ತು ತಂತಿ 22, ಜಿ ಜೋಡಿಗೆ ಸುತ್ತು ತಂತಿ 32. ಪ್ರತಿಯೊಂದೂ ಎರಡೆರಡು. ಈಗಿನ ಮ್ಯಾಂಡೊಲಿನ್‌ಗಳ ಮೀಡಿಯಂ ಸೆಟ್ 11ರಿಂದ 40ರವರೆಗಿನದು. ಶ್ರುತಿಗೆ ಏರಿಸಿದಾಗ ಆ ಸೆಟ್ಟಿನ ಎಂಟೂ ತಂತಿ ಸೇರಿ ಸುಮಾರು 80 ಕೆ.ಜಿ. ಎಳೆಯುತ್ತವೆ. ಉಬ್ಬು ಬೆನ್ನಿನ ಹಳೆಯ ವಾದ್ಯದ ತೆಳು ಹಲಗೆ ಅದಕ್ಕೆ ಕುಸಿಯುತ್ತದೆ, ಕತ್ತು ಬಾಗುತ್ತದೆ. ಗಿಟಾರ್ ತಂತಿಯ ತುದಿಯಲ್ಲಿ ಹಿತ್ತಾಳೆ ಗುಂಡು ಇರುತ್ತದೆ, ಮ್ಯಾಂಡೊಲಿನ್‌ನ ಕೊಕ್ಕೆಗೆ ಬರಿಯ ಕುಣಿಕೆ ಬೇಕು. ಗುಂಡನ್ನು ಕಟಿಂಗ್ ಪ್ಲೇಯರಿನಲ್ಲಿ ಅಡ್ಡ ಹಿಡಿದು ಅದುಮಿದರೆ ಒಡೆದು ಕುಣಿಕೆ ಉಳಿಯುತ್ತದೆ. ಚೂರು ಸಿಡಿಯುವುದರಿಂದ ಕನ್ನಡಕ ಹಾಕಿಕೊಂಡೇ ಮಾಡಿ. ಹಲಗೆಯ ಮೇಲೆ ತಂತಿಗಳನ್ನು ಹೊತ್ತ ಕುದುರೆ ಅಂಟಿಸಿದ್ದಲ್ಲ, ತಂತಿಯ ಒತ್ತಡಕ್ಕೇ ನಿಲ್ಲುತ್ತದೆ. ನಟ್‌ನಿಂದ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಎಷ್ಟೋ, ಅಲ್ಲಿಂದ ಕುದುರೆಗೆ ಅಷ್ಟು, ಮೇಲೆ ಒಂದೆರಡು ಮಿಲಿಮೀಟರ್. 12ರಲ್ಲಿ ಒತ್ತಿ ನುಡಿಸಿದ ಸ್ವರ ಏರಿ ಕೇಳಿಸಿದರೆ ಕುದುರೆಯನ್ನು ಬಾಲದ ಕಡೆಗೆ ಸರಿಸಿ.

ಪ್ರಶ್ನೆ: ಹೈದರಾಬಾದಿನಲ್ಲಿ ಒಬ್ಬರು ‘1915ರ ಗಿಬ್ಸನ್’ (ಅಮೆರಿಕದ ವಾದ್ಯ ಕಂಪನಿ) ಎಂದು ಮ್ಯಾಂಡೊಲಿನ್ ಮಾರುತ್ತಿದ್ದಾರೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ?
ಓದುಗರು, ಸುರಪುರ

ಉತ್ತರ: ಮೊಬೈಲ್ ಟಾರ್ಚ್, ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ ಒಯ್ಯಿರಿ. ನಾದರಂಧ್ರದ ಅಂಚನ್ನು ಮೊದಲು ನೋಡಿ. ಅಖಂಡ ಮರವಾದರೆ ಮೇಲಿನ ಗೆರೆಗಳು ದಪ್ಪದೊಳಗೂ ನೇರ ಇಳಿದಿರುತ್ತವೆ. ಪ್ಲೈವುಡ್ಡಾದರೆ ಪದರಗಳು ಎದ್ದು ಕಾಣುತ್ತವೆ. ಗಿಬ್ಸನ್‌ದು ಕೆತ್ತಿದ ಉಬ್ಬು ಹಲಗೆ, ಪ್ಲೈ ಕಂಡರೆ ಅಲ್ಲಿಂದಲೇ ತಿರುಗಿ ಬನ್ನಿ. ಒಳಗಿನ ಲೇಬಲ್‌ನ ಸರಣಿ ಸಂಖ್ಯೆಯನ್ನೂ, ಕತ್ತು ಕೂಡುವ ಮರದ ತುಂಡಿನ ಮೇಲೆ ಒತ್ತಿದ ಕಾರ್ಖಾನೆ ಸಂಖ್ಯೆಯನ್ನೂ ಬರೆದುಕೊಳ್ಳಿ. ಎರಡೂ ಒಂದೇ ಕಾಲದವಾಗಿರಬೇಕು. ತಲೆಯ ಮೇಲೆ, ನಟ್‌ನ ಪಕ್ಕದಲ್ಲಿ, ಸ್ಕ್ರೂ ಹಾಕಿದ ಚಿಕ್ಕ ಮುಚ್ಚಳವಿದೆಯೇ? ಅದು ಕತ್ತು ಬಾಗದಂತೆ ಒಳಗೆ ಹಾಕಿದ ಸರಳಿನದು, ಅಂದರೆ ಟ್ರಸ್ ರಾಡ್‌ನದು. ಗಿಬ್ಸನ್ ಅದನ್ನು ತಂದದ್ದು 1920ರ ದಶಕದ ಆರಂಭದಲ್ಲಿ, ಹಾಗಾಗಿ 1915ರ ವಾದ್ಯದಲ್ಲಿ ಅದು ಇರಲಾರದು. ಗಿಬ್ಸನ್ ಕಂಪನಿಯ ವಾದ್ಯತಜ್ಞ ಲಾಯ್ಡ್ ಲೋರ್ ಸಹಿಯ ಲೇಬಲ್ ತೋರಿಸಿದರೆ ಇನ್ನೂ ಎಚ್ಚರ. ಆ ಸಹಿ 1922ರಿಂದ 1924ರವರೆಗಿನ ಮೇಲ್ದರ್ಜೆಯ ವಾದ್ಯಗಳಿಗೆ ಮಾತ್ರ. ನಕಲಿ ಲೇಬಲ್ ಅಂಟಿಸುವುದು ಕಷ್ಟವೂ ಅಲ್ಲ. ಹೊಸ ಪಾಲಿಶ್ ಹೊಡೆದು ಮಿರಿಮಿರಿ ಮಾಡಿದ್ದರೆ ಬೆಲೆ ಗಟ್ಟಿಯಾಗಿ ಇಳಿಸಿ ಕೇಳಿ. ಸಂಗ್ರಾಹಕರಿಗೆ ಬೇಕಾದದ್ದು ಮೂಲ ಪಾಲಿಶ್, ಸವೆದಿದ್ದರೂ ಸರಿ.

ಪ್ರಶ್ನೆ: ನಮ್ಮ ಮ್ಯಾಂಡೊಲಿನ್ ತಲೆಯ ಮುತ್ತಿನ ಚಿಪ್ಪಿನ ಹೂವಿನಲ್ಲಿ ಒಂದು ಎಸಳು ಬಿದ್ದುಹೋಗಿದೆ. ಇಲ್ಲಿನ ಬಿದರಿ ಕಲಾವಿದರಿಂದ ಕೂಡಿಸಬಹುದೇ?
ಓದುಗರು, ಬೀದರ್

ಉತ್ತರ: ಗೆರೆ ಬರೆಯುವ ಅವರ ಕೈ ನಿಖರ, ಆ ಮಟ್ಟಿಗೆ ಕೇಳಬಹುದು. ಆದರೆ ಬಿದರಿಯಲ್ಲಿ ಬೆಳ್ಳಿಯನ್ನು ಕಾಲುವೆಗೆ ಬಡಿದು ಕೂಡಿಸುತ್ತಾರೆ. ಚಿಪ್ಪು ಬಡಿದರೆ ಒಡೆಯುತ್ತದೆ. ನಿಮ್ಮೂರಿನ ಕೋಟೆಯ ರಂಗೀನ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂಡಿಸಿದ ಚಿಪ್ಪನ್ನು ಹತ್ತಿರದಿಂದ ನೋಡಿ. ತುಂಡು ಕುಳಿಗೆ ತಕ್ಕಂತಿರಬೇಕು, ಕೆಲಸವೆಲ್ಲ ಅದೇ. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಚಿಪ್ಪನ್ನು ಅಕ್ಕಸಾಲಿಗರ ಸಣ್ಣ ಗರಗಸದಿಂದ ಕೊಯ್ದು, ಅರದಿಂದ ತೀಡಿ, ಎಪಾಕ್ಸಿಗೆ ಕರಿಮರದ ಪುಡಿ ಬೆರೆಸಿ ಕೂಡಿಸಬೇಕು. ಚಿಪ್ಪಿನ ಪುಡಿ ಶ್ವಾಸಕೋಶಕ್ಕೆ ಹಾನಿಕರ, ಮಾಸ್ಕ್ ಕಡ್ಡಾಯ, ನೀರು ಹಚ್ಚಿಕೊಂಡೇ ತೀಡಬೇಕು.

ಪ್ರಶ್ನೆ: ಕರ್ನಾಟಕ ಸಂಗೀತದ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ಅವರ ಹಾಗೆ ನುಡಿಸಲು ನನ್ನ ಹಳೆಯ ಎಂಟು ತಂತಿಯದನ್ನು ಐದು ತಂತಿಗೆ ಬದಲಿಸಬಹುದೇ?
ಓದುಗರು, ಆಳಂದ

ಉತ್ತರ: ಬೇಡ. ಅವರದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್. ಗಮಕಕ್ಕೆ ಜೋಡಿ ತಂತಿ ಎಳೆಯುವುದು ಕಷ್ಟ, ನಿಜ. ಆದರೆ ಹಳೆಯ ವಾದ್ಯಕ್ಕೆ ತೂತು ಕೊರೆದು ಹಾಳು ಮಾಡುವುದಕ್ಕಿಂತ ಹೊಸ ವಿದ್ಯುತ್ ವಾದ್ಯ ಮಾಡಿಸಿಕೊಳ್ಳಿ.

ಪ್ರಶ್ನೆ: ತಂತಿ ಬದಲಿಸಿದ ತಿಂಗಳಿಗೇ ಒಂದೇ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಏಕೆ?
ಓದುಗರು, ಹುಮನಾಬಾದ್

ಉತ್ತರ: ತುಕ್ಕು ಹಿಡಿಯುವ ಜಾಗದ ಕೆಳಗೆ ಆಮೆಚಿಪ್ಪಿನ ಬಣ್ಣದ ಪಿಕ್‌ಗಾರ್ಡ್ (ಮೀಟುವಾಗ ಹಲಗೆಗೆ ಗೀರು ಬೀಳದಂತೆ ಹಾಕಿದ ಫಲಕ) ಇದೆಯೇ ನೋಡಿ. ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಾಗಿದ್ದರೆ ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ, ಅದರಿಂದ ತಂತಿಗೆ ತುಕ್ಕು, ಫ್ರೆಟ್‌ಗೆ ಹಸಿರು ಕಿಲುಬು. ಅಂಚು ಬಿರುಕುಬಿಟ್ಟು ಪುಡಿಯಾಗುತ್ತಿದ್ದರೆ ಅದೇ ಕಾರಣ. ಬಿಚ್ಚಿ, ಕಾಗದದಲ್ಲಿ ಸುತ್ತಿ, ಗಾಳಿಯಾಡುವ ಕಡೆ ಬೇರೆಯಾಗಿ ಇಡಿ. ವಾದ್ಯದ ಪೆಟ್ಟಿಗೆಯಲ್ಲಿ ಬೇಡ, ಒಲೆ–ದೀಪದ ಹತ್ತಿರವಂತೂ ಬೇಡವೇ ಬೇಡ. ಬೇಗ ಬೆಂಕಿ ಹತ್ತುತ್ತದೆ. ಸ್ಕ್ರೂಗಳನ್ನೂ ಅದರ ಜೊತೆಗೇ ಹೆಸರು ಬರೆದು ಇಟ್ಟುಕೊಳ್ಳಿ, ಮುಂದೆ ಕೊಳ್ಳುವವರು ಮೂಲ ಭಾಗ ಕೇಳುತ್ತಾರೆ. ಪಿಕ್‌ಗಾರ್ಡ್ ಇದ್ದ ಜಾಗವನ್ನು ಒಣ ಹತ್ತಿ ಬಟ್ಟೆಯಿಂದ ಮಾತ್ರ ಒರೆಸಿ. ಸ್ಪಿರಿಟ್ ತಗುಲಿದರೆ ಹಳೆಯ ಚಪಡಾ ಪಾಲಿಶ್ ಕರಗಿ ಬರುತ್ತದೆ.